ಗಾಳಿಮಳೆ ಶುರುವಾಗುವ ಮುಂಚೆ: ಮನೆ ಮುಂದಿನ ದೊಡ್ಡ ಮರವನ್ನು ನೋಡಿಕೊಳ್ಳುವುದು ಹೇಗೆ?

ಅಶ್ವಿನಿ ಮಳೆ ಹತ್ತಿರ ಬಂತು ಅಂದರೆ ಓದುಗರಿಂದ ಒಂದೇ ಥರದ ಪ್ರಶ್ನೆಗಳು ಬರಲು ಶುರು. "ಮನೆ ಮುಂದೆ ಮೂವತ್ತು ವರ್ಷದ ಬೇವಿನ ಮರ ಇದೆ, ಈ ಸಲದ ಗಾಳಿಗೆ ಬೀಳುತ್ತಾ?" "ಗುಲ್‌ಮೊಹರ್ ತಲೆ ಕಡಿಸಿಬಿಟ್ಟರೆ ಭಯ ಇಲ್ಲ ಅಲ್ವಾ?" "ದಿನಾ ಬುಡಕ್ಕೆ ನೀರು ಹಾಕುತ್ತೇವೆ, ಆದರೂ ಮಾವಿನ ಎಲೆ ಯಾಕೆ ಒಣಗುತ್ತಿದೆ?" ಬಳ್ಳಾರಿ, ರಾಯಚೂರು, ವಿಜಯಪುರ, ಚಿತ್ರದುರ್ಗ, ಕೋಲಾರದ ಕಡೆಯವರು ಕೇಳುತ್ತಾರೆ. ಬೆಂಗಳೂರಿನ ಬಡಾವಣೆಗಳವರೂ ಕೇಳುತ್ತಾರೆ. ಎಲ್ಲರಿಗೂ ಸೇರಿಸಿ ಒಂದೇ ಸಲ ಬರೆಯುತ್ತಿದ್ದೇನೆ.

ಬಯಲುಸೀಮೆಯ ಮರಕ್ಕೆ ಎರಡು ಕಡೆಯಿಂದ ಪೆಟ್ಟು. ಹಿಂಗಾರು ಮುಗಿದ ಮೇಲೆ ತಿಂಗಳುಗಟ್ಟಲೆ ಹನಿ ಮಳೆ ಇರುವುದಿಲ್ಲ. ಆಮೇಲೆ ಏಪ್ರಿಲ್ ಅಥವಾ ಮೇ ತಿಂಗಳ ಒಂದು ಸಂಜೆ ಮೋಡ ಕಟ್ಟಿ, ಬಿರುಗಾಳಿ, ಆಲಿಕಲ್ಲು, ಸಿಡಿಲು ಎಲ್ಲವೂ ಅರ್ಧ ಗಂಟೆಯಲ್ಲಿ ಬಂದು ಹೋಗುತ್ತವೆ. ಬೇಸಿಗೆಯಲ್ಲಿ ಬೇರು ಸೊರಗಿದ ಮರ ಆ ಅರ್ಧ ಗಂಟೆಯಲ್ಲಿ ಉರುಳುತ್ತದೆ. ಅದಕ್ಕೇ ಮೇ ತಿಂಗಳ ಗಾಳಿಗೆ ತಯಾರಿ ದೀಪಾವಳಿ ಕಳೆದ ಕೂಡಲೇ ಶುರುವಾಗಬೇಕು. ಆ ತಯಾರಿಯಲ್ಲಿ ಮುಕ್ಕಾಲು ಪಾಲು ಕೆಲಸ ನೆಲದಲ್ಲಿದೆ. ನಮ್ಮ ಜನ ಮಾತ್ರ ಮೊದಲು ಮಚ್ಚು ಹುಡುಕುತ್ತಾರೆ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಬಟ್ಟೆ ಅಳೆಯುವ ಟೇಪು, ಎರಡು ಅಡಿ ಉದ್ದದ ಕಬ್ಬಿಣದ ಸರಳು, ಮರದ ಸುತ್ತಿಗೆ, ನೀರಿನ ಪೈಪು, ಒಂದು ಬಕೆಟ್, ಫೋಟೊ ತೆಗೆಯಲು ಮೊಬೈಲ್. ಏಣಿ, ಗರಗಸ ಸದ್ಯಕ್ಕೆ ಬೇಡ.

1. ಮೊದಲು ಮರ ಅಳೆಯಿರಿ

ನಿಮ್ಮ ಎದೆಯ ಎತ್ತರದಲ್ಲಿ ಕಾಂಡದ ಸುತ್ತ ಟೇಪು ಹಿಡಿದು ಸುತ್ತಳತೆ ತೆಗೆಯಿರಿ. ಅದನ್ನು ನಾಲ್ಕರಿಂದ ಗುಣಿಸಿ. ಸುತ್ತಳತೆ 1.5 ಮೀಟರ್ ಇದ್ದರೆ 6 ಮೀಟರ್ ಬರುತ್ತದೆ. ಕಾಂಡದಿಂದ ಸುತ್ತಲೂ ಅಷ್ಟು ದೂರದವರೆಗಿನ ನೆಲ ಮರದ್ದು ಎಂದು ತಿಳಿಯಿರಿ. ಅದರೊಳಗೆ ಸಂಪು, ಶೌಚದ ಗುಂಡಿ, ಕಾಂಪೌಂಡಿನ ತಳಪಾಯ, ಪೈಪಿನ ಚರಂಡಿ ಯಾವುದನ್ನು ತೋಡಿದರೂ ಮರಕ್ಕೆ ಪೆಟ್ಟು.

ಇನ್ನೊಂದು ಗೆರೆ ಇದಕ್ಕಿಂತ ಮುಖ್ಯ. ಗುಣಾಕಾರ ಮಾಡದ ಬರೀ ಸುತ್ತಳತೆಯಷ್ಟು ದೂರ, ಅಂದರೆ ಇದೇ ಮರಕ್ಕೆ 1.5 ಮೀಟರ್. ಮರವನ್ನು ನಿಲ್ಲಿಸಿ ಹಿಡಿದಿರುವ ದಪ್ಪ ಬೇರುಗಳು ಈ ಜಾಗದಲ್ಲಿರುತ್ತವೆ. ಇದರೊಳಗೆ ಒಂದು ಬದಿಯ ಬೇರು ಕಡಿದಿದ್ದರೂ ಆ ಮರ ಗಾಳಿಗೆ ನಿಲ್ಲುತ್ತದೆ ಎಂದು ನಂಬಬೇಡಿ. ಕೇಬಲ್ಲಿಗೋ ಚರಂಡಿಗೋ ಅಗೆದವರು ಮಣ್ಣು ಮುಚ್ಚಿ ಹೋಗಿಬಿಡುತ್ತಾರೆ. ಮರ ಬೀಳುವುದು ಒಂದೆರಡು ವರ್ಷ ಕಳೆದ ಮೇಲೆ. ಆಗ ಎಲ್ಲರೂ ಗಾಳಿಯನ್ನು ಬೈಯುತ್ತಾರೆ.

"ಮರ ಎಷ್ಟು ಎತ್ತರವೋ ಬೇರು ಅಷ್ಟು ಆಳ" ಎಂಬ ಮಾತು ಕೇಳಿರುತ್ತೀರಿ. ಅದು ನಿಜವಲ್ಲ. ಬಹುಪಾಲು ಬೇರು ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತದೆ, ಆದರೆ ಅಗಲಕ್ಕೆ ಕೊಂಬೆಗಳ ಹರವನ್ನೂ ದಾಟಿ ಹೋಗಿರುತ್ತದೆ. ಕೆಂಪು ಮಣ್ಣಿನ ಕೆಳಗೆ ಗರಸು ಸಿಗುವ ಕಡೆ ಬೇರು ಇನ್ನೂ ಮೇಲೇ ಇರುತ್ತದೆ.

2. ಬುಡದಿಂದ ತುದಿಯವರೆಗೆ ನೋಡಿ

ಇದನ್ನು ವರ್ಷಕ್ಕೆ ಎರಡು ಸಲ ಮಾಡಿ, ಹಿಂಗಾರು ಮುಗಿದಾಗ ಒಮ್ಮೆ, ಯುಗಾದಿ ಆಸುಪಾಸಿನಲ್ಲಿ ಇನ್ನೊಮ್ಮೆ. ಪ್ರತಿ ಸಲವೂ ಅದೇ ಜಾಗದಲ್ಲಿ ನಿಂತು ನಾಲ್ಕು ದಿಕ್ಕಿನಿಂದ ಫೋಟೊ ತೆಗೆದಿಡಿ. ಮರ ವಾಲಿದೆಯೋ ಇಲ್ಲವೋ ಎಂದು ನೆನಪಿನಿಂದ ಹೇಳಲು ಆಗುವುದಿಲ್ಲ, ಫೋಟೊ ಹೇಳುತ್ತದೆ.

ನೆಲಕ್ಕೆ ಕೂತು ಶುರು ಮಾಡಿ. ಆರೋಗ್ಯದ ಮರದ ಕಾಂಡ ಬುಡದಲ್ಲಿ ಅಗಲವಾಗಿ, ಬೇರುಗಳ ಕಡೆಗೆ ಹರಡಿಕೊಂಡು ಮಣ್ಣಿಗೆ ಇಳಿಯುತ್ತದೆ. ಕಂಬ ಹೂತಂತೆ ನೆಟ್ಟಗೆ ಇಳಿದಿದ್ದರೆ ಬುಡದ ಮೇಲೆ ಮಣ್ಣೋ ಕಾಂಕ್ರೀಟೋ ತುಂಬಿದೆ ಎಂದರ್ಥ. ಆಮೇಲೆ ಮಣ್ಣಿನಲ್ಲಿ ಬಿರುಕು ಹುಡುಕಿ. ಎರೆ ಮಣ್ಣಿನಲ್ಲಿ ಬೇಸಿಗೆಗೆ ಎಲ್ಲೆಲ್ಲೂ ಬಿರುಕು ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಡಿ. ಹೆದರಬೇಕಾದ ಬಿರುಕು ಬೇರೆ. ಅದು ಕಾಂಡದ ಒಂದೇ ಬದಿಯಲ್ಲಿ ಕಮಾನಿನ ಆಕಾರದಲ್ಲಿರುತ್ತದೆ, ಅಂಚಿನ ಮಣ್ಣು ಹೊಸದಾಗಿ ಒಡೆದಂತೆ ಕಾಣುತ್ತದೆ, ಬಿರುಕಿನ ಒಳಬದಿಯ ನೆಲ ಹೊರಬದಿಗಿಂತ ಒಂದು ಬೆರಳು ಎದ್ದಿರುತ್ತದೆ. ಗಾಳಿ ಬೀಸಿದಾಗ ದೂರ ನಿಂತು ನೋಡಿದರೆ ಆ ನೆಲ ಮೇಲೆ ಕೆಳಗೆ ಆಡುವುದೂ ಕಾಣಬಹುದು. ಇದು ಕಂಡರೆ ಮುಂದಿನ ಹಂತ ಓದುತ್ತ ಕೂರಬೇಡಿ. ಆ ಮರದ ಕೆಳಗೆ ಯಾರನ್ನೂ ಬಿಡಬೇಡಿ, ಅವತ್ತೇ ಪಾಲಿಕೆಗೋ ಅರಣ್ಯ ಇಲಾಖೆಗೋ ತಿಳಿಸಿ.

ಬುಡದಲ್ಲಿ ಅಣಬೆ ಎದ್ದಿದೆಯಾ ನೋಡಿ. ಮಳೆಗಾಲದಲ್ಲಿ ಹುಲ್ಲಿನ ನಡುವೆ ಏಳುವ ನಾಯಿಕೊಡೆಯಿಂದ ತೊಂದರೆ ಇಲ್ಲ. ಕಾಂಡಕ್ಕೋ ಬೇರಿಗೋ ಅಂಟಿಕೊಂಡು ತಟ್ಟೆಯ ಹಾಗೆ ಹೊರಚಾಚಿದ, ಮರದಷ್ಟೇ ಗಟ್ಟಿಯಾದ ಅಣಬೆ ಇದ್ದರೆ ಒಳಗೆ ಬೇರು ಕೊಳೆಯುತ್ತಿದೆ. ಅದನ್ನು ಕಿತ್ತು ಎಸೆದರೆ ಗುರುತು ಹೋಗುತ್ತದೆ, ಕೊಳೆತ ಹೋಗುವುದಿಲ್ಲ. ಹಾಗೇ ಬಿಟ್ಟು ತಿಳಿದವರಿಗೆ ತೋರಿಸಿ.

ಕಾಂಡವನ್ನು ಮರದ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ಬಡಿದರೆ ಪೊಳ್ಳಿರುವ ಕಡೆ ದನಿ ಬದಲಾಗುತ್ತದೆ. ಪೊಳ್ಳು ಅಂದ ಕೂಡಲೇ ಕಡಿಸಲು ಓಡಬೇಡಿ. ಹಳೆಯ ಹುಣಸೆಗಳು ಒಳಗೆ ಪೊಳ್ಳಾಗಿದ್ದೂ ದಶಕಗಟ್ಟಲೆ ನಿಂತಿರುತ್ತವೆ. ಕಾಂಡದ ನಡುವಿನಿಂದ ಅಂಚಿನವರೆಗಿನ ಅಳತೆಯಲ್ಲಿ ಮೂರನೇ ಒಂದು ಭಾಗದಷ್ಟಾದರೂ ಗಟ್ಟಿ ಮರ ಸುತ್ತಲೂ ಉಳಿದಿರಬೇಕು ಎಂಬುದು ಈ ಕೆಲಸದವರ ಅಂದಾಜು. ಪೊಳ್ಳಿಗೆ ಸಿಮೆಂಟ್ ತುಂಬುವ ಹಳೇ ಪದ್ಧತಿಯನ್ನು ಮಾತ್ರ ಬಿಟ್ಟುಬಿಡಿ. ಮರ ಗಾಳಿಗೆ ಬಾಗುತ್ತದೆ, ಸಿಮೆಂಟ್ ಬಾಗುವುದಿಲ್ಲ. ಒಳಗೆ ಉಜ್ಜಿ ಉಜ್ಜಿ ಗಾಯ ದೊಡ್ಡದಾಗುತ್ತದೆ.

ಇನ್ನು ಕವಲು. ಎರಡು ದಪ್ಪ ಕಾಂಡಗಳು ಇಕ್ಕಟ್ಟಾಗಿ ಮೇಲೇಳುವ ಜಾಗದಲ್ಲಿ ತೊಗಟೆ ಒಳಕ್ಕೆ ಮಡಿಚಿಕೊಂಡಿದ್ದರೆ ಅಲ್ಲಿ ಮರಕ್ಕೆ ಮರ ಬೆಸೆದಿರುವುದಿಲ್ಲ. ದೊಡ್ಡ ಗಾಳಿಗೆ ಸೀಳುವುದು ಅಲ್ಲೇ. ಅಗಲವಾಗಿ ಬಿಚ್ಚಿಕೊಂಡ ಕವಲು, ಮೇಲೆ ತೊಗಟೆಯ ಏಣು ಎದ್ದಿದ್ದರೆ, ಗಟ್ಟಿ ಕವಲು.

ವಾಲಿದ ಮರದ ಬಗ್ಗೆಯೂ ಎಲ್ಲರಿಗೂ ಗಾಬರಿ. ಚಿಕ್ಕಂದಿನಿಂದ ವಾಲಿಕೊಂಡೇ ಬೆಳೆದು ತುದಿ ಮತ್ತೆ ಆಕಾಶಕ್ಕೆ ತಿರುಗಿದ್ದರೆ ಅದು ತನ್ನ ಭಾರಕ್ಕೆ ತಕ್ಕ ಬೇರು ಬಿಟ್ಟುಕೊಂಡಿರುತ್ತದೆ. ಹೋದ ವರ್ಷದ ಫೋಟೊದಲ್ಲಿ ನೆಟ್ಟಗಿದ್ದು ಈ ವರ್ಷ ವಾಲಿದ್ದರೆ ಅಪಾಯ.

ಯಾವ ಮರ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹುಣಸೆ, ಹೊಂಗೆ ಗಾಳಿಗೆ ಚೆನ್ನಾಗಿ ತಡೆಯುತ್ತವೆ. ಗುಲ್‌ಮೊಹರ್, ನೀರುಕಾಯಿ ಮರ, ಸಿಲ್ವರ್ ಓಕ್ ಬೇಗ ಮುರಿಯುವ ಜಾತಿ. ಬೆಂಗಳೂರಿನ ಬೀದಿಗಳಲ್ಲಿ ಬೇಸಿಗೆ ಮಳೆಗೆ ಗುಲ್‌ಮೊಹರ್ ಕೊಂಬೆ ಬೀಳುವುದು ಯಾರಿಗೂ ಹೊಸದಲ್ಲ. ನುಗ್ಗೆಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಹೊಗಳಿ ಬೀಳಿಸುವುದಕ್ಕೆ ನುಗ್ಗೆ ಮರ ಹತ್ತಿಸುವುದು ಎಂದು ಹೆಸರು ಸುಮ್ನೆ ಬಂದಿಲ್ಲ.

3. ಬುಡ ಬಿಡಿಸಿ

ಗೇಟಿನ ಪಕ್ಕದ ಮರಕ್ಕೆ ಕಾಂಡಕ್ಕೆ ತಾಗುವಂತೆ ಟೈಲ್ಸ್ ಹಾಕಿಸುವುದು ಈಗ ರೂಢಿಯೇ ಆಗಿದೆ. ಅಂಗಳ ಚೊಕ್ಕಟವಾಗಿ ಕಾಣುತ್ತದೆ ನಿಜ. ಆದರೆ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ದೆಹಲಿಯ ಮರಗಳ ವಿಚಾರದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಕಾಂಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಸಲು ಆದೇಶ ಮಾಡಿತ್ತು. ನಿಮ್ಮ ಅಂಗಳದಲ್ಲೂ ಕನಿಷ್ಠ ಅಷ್ಟು ಬಿಡಿ. ಜಾಗ ಇದ್ದರೆ ಇನ್ನೂ ಜಾಸ್ತಿ ಬಿಡಿ. ಒಡೆಸುವಾಗ ಬ್ರೇಕರ್ ಯಂತ್ರ ಬೇಡ, ಉಳಿ ಸುತ್ತಿಗೆಯಲ್ಲೇ ತೆಗೆಸಿ. ಅಡಿಯಲ್ಲೇ ಬೇರು ಇರುತ್ತದೆ.

ಎರಡನೇ ತಪ್ಪು ಕಟ್ಟೆ. ಸುತ್ತ ಇಟ್ಟಿಗೆ ಕಟ್ಟಿ, ಒಳಗೆ ಎರಡಡಿ ಮಣ್ಣು ತುಂಬಿ, ಮೇಲೆ ಗ್ರಾನೈಟ್ ಹಾಸಿ ಕೂರಲು ಜಾಗ ಮಾಡುತ್ತಾರೆ. "ಊರ ಅರಳಿಕಟ್ಟೆ ನೂರು ವರ್ಷದಿಂದ ಇದೆ, ಏನಾಗಿದೆ?" ಎಂದು ಕೇಳುತ್ತಾರೆ. ಅರಳಿ, ಆಲ ಕಾಂಡದಿಂದಲೂ ಹೊಸ ಬೇರು ಬಿಡುವ ಜಾತಿ, ತಡೆದುಕೊಳ್ಳುತ್ತವೆ. ಬೇವು, ಮಾವು, ನೇರಳೆಗೆ ಆ ಶಕ್ತಿ ಇಲ್ಲ. ಮಣ್ಣೊಳಗೆ ಹೂತ ತೊಗಟೆ ತೇವದಲ್ಲಿ ಕೊಳೆಯುತ್ತದೆ, ಕೆಳಗಿನ ಹಳೇ ಬೇರು ಉಸಿರು ಕಟ್ಟಿ ಸಾಯುತ್ತದೆ. ಕಟ್ಟೆ ಈಗಾಗಲೇ ಇದ್ದರೆ ಗೋಡೆ ಹಾಗೇ ಇರಲಿ, ಕಾಂಡದ ಸುತ್ತ ಒಂದು ಗೇಣಿನಷ್ಟು ಅಗಲ ಮಣ್ಣನ್ನು ಕೈಯಿಂದಲೇ ತೆಗೆಯುತ್ತ ಹೋಗಿ. ಬುಡ ಅಗಲವಾಗಿ ಬೇರಾಗುವ ಜಾಗ ಸಿಕ್ಕಾಗ ನಿಲ್ಲಿಸಿ.

ಇದೇ ಹೊತ್ತಿಗೆ ಕಾಂಡಕ್ಕೆ ಸುತ್ತಿದ ತಂತಿ, ನೈಲಾನ್ ಹಗ್ಗ, ಬೋರ್ಡಿಗೆ ಹೊಡೆದ ಮೊಳೆ ಎಲ್ಲ ತೆಗೆಯಿರಿ. ತಂತಿ ಆಗಲೇ ತೊಗಟೆಯೊಳಗೆ ಹೂತಿದ್ದರೆ ಎಳೆಯಬೇಡಿ, ಹೊರಗೆ ಕಾಣುವಷ್ಟನ್ನು ಕತ್ತರಿಸಿ ಬಿಡಿ. ಸುಣ್ಣ, ಕೆಮ್ಮಣ್ಣು ಬಳಿಯುವುದರಿಂದ ತೊಂದರೆ ಇಲ್ಲ. ಎಣ್ಣೆ ಪೇಂಟ್ ಬೇಡ.

4. ನೀರು: ಕಾಂಡಕ್ಕಲ್ಲ, ದೂರಕ್ಕೆ

ದಿನಾ ನೀರು ಹಾಕಿದರೂ ಮಾವು ಒಣಗುವುದು ಯಾಕೆ ಎಂದು ಕೇಳಿದ್ದವರಿಗೆ ಇಲ್ಲಿದೆ ಉತ್ತರ. ದಿನಾ ಒಂದು ಬಕೆಟ್ ಕಾಂಡದ ಬುಡಕ್ಕೆ ಸುರಿದರೆ ಮೇಲಿನ ಎರಡು ಇಂಚು ನೆನೆದು ಸಂಜೆಗೆ ಆರಿಹೋಗುತ್ತದೆ. ಕಾಂಡದ ತೊಗಟೆ ಮಾತ್ರ ಸದಾ ಒದ್ದೆ, ಕೊಳೆ ರೋಗಕ್ಕೆ ಅದೇ ಬೇಕು. ನೀರು ಹೀರುವ ಸಣ್ಣ ಬೇರುಗಳು ಅಲ್ಲಿಲ್ಲ. ಮಳೆ ಬಂದಾಗ ಹೊರ ಅಂಚಿನ ಎಲೆಗಳಿಂದ ನೀರು ಎಲ್ಲಿಗೆ ತೊಟ್ಟಿಕ್ಕುತ್ತದೋ, ಆ ಗೆರೆಯ ಆಚೀಚೆ ಅವು ಜಾಸ್ತಿ ಇರುತ್ತವೆ.

ಆ ಗೆರೆಯ ಉದ್ದಕ್ಕೂ ಒಂದು ಮೀಟರ್ ಅಗಲಕ್ಕೆ ಎರಡು ಬದಿ ಮಣ್ಣಿನ ಏರಿ ಹಾಕಿ ಪಾತಿ ಮಾಡಿ. ಅಗೆದು ಆಳ ಮಾಡಬೇಡಿ, ಹೊರಗಿನಿಂದ ಮಣ್ಣು ತಂದು ಏರಿ ಹಾಕಿ. ಸುತ್ತಲೂ ಜಾಗ ಇಲ್ಲದಿದ್ದರೆ ಅರ್ಧ ಸುತ್ತು ಸಾಕು, ಕಾಲು ಸುತ್ತಾದರೂ ಏನೂ ಇಲ್ಲದ್ದಕ್ಕಿಂತ ಮೇಲು.

ಎಷ್ಟು ನೀರು? ಕೊಂಬೆಗಳು ಕಾಂಡದಿಂದ 4 ಮೀಟರ್ ಹರಡಿವೆ ಎನ್ನಿ. ಪಾತಿಯ ಒಟ್ಟು ಅಳತೆ ಸುಮಾರು 25 ಚದರ ಮೀಟರ್ ಆಗುತ್ತದೆ. ಒಂದಡಿ ಆಳ ನೆನೆಯಲು ಚದರ ಮೀಟರಿಗೆ ಸುಮಾರು 40 ಲೀಟರ್ ಹಿಡಿದರೆ ಒಟ್ಟು 1000 ಲೀಟರ್. ಗಾಬರಿಯಾಗಬೇಡಿ, ಇದು ದಿನದ ಲೆಕ್ಕವಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ತಿಂಗಳಿಗೊಮ್ಮೆ, ಮಾರ್ಚ್ ನಂತರ ಹದಿನೈದು ಇಪ್ಪತ್ತು ದಿನಕ್ಕೊಮ್ಮೆ. ಅದನ್ನೂ ಪಾತಿಯ ಕಾಲು ಭಾಗಕ್ಕೆ ಇವತ್ತು, ಇನ್ನು ಕಾಲು ಭಾಗಕ್ಕೆ ನಾಲ್ಕು ದಿನ ಬಿಟ್ಟು ಎಂದು ಹಂಚಿಕೊಳ್ಳಬಹುದು. ನಿಮ್ಮ ಪೈಪಿನಲ್ಲಿ ಬಕೆಟ್ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿದರೆ ಎಷ್ಟು ಹೊತ್ತು ಬಿಡಬೇಕು ಎಂದು ತಿಳಿಯುತ್ತದೆ. 15 ಲೀಟರ್ ಬಕೆಟ್ ಒಂದು ನಿಮಿಷಕ್ಕೆ ತುಂಬಿದರೆ ಗಂಟೆಗೆ 900 ಲೀಟರ್.

ಸಾಕಾಯಿತೋ ಇಲ್ಲವೋ ಎಂದು ಸರಳು ಹೇಳುತ್ತದೆ. ನೀರು ಬಿಟ್ಟ ಮರುದಿನ ಪಾತಿಯಲ್ಲಿ ಒತ್ತಿ. ಒದ್ದೆ ಮಣ್ಣಿನಲ್ಲಿ ಸಲೀಸಾಗಿ ಇಳಿದು ಒಣ ಮಣ್ಣು ಸಿಕ್ಕ ಕಡೆ ನಿಲ್ಲುತ್ತದೆ. ಒಂದಡಿ ಇಳಿಯಬೇಕು. ಎರೆ ಮಣ್ಣಿನವರು ಎರಡು ದಿನ ಕಾಯಿರಿ, ಅಲ್ಲಿ ನೀರು ಇಳಿಯುವುದು ನಿಧಾನ.

ಎರೆ ಮಣ್ಣಿನಲ್ಲಿ ಇನ್ನೊಂದು ತಾಪತ್ರಯ ಉಂಟು. ಬೇಸಿಗೆಯಲ್ಲಿ ನೆಲ ಬಿರಿದಾಗ ಸಣ್ಣ ಬೇರುಗಳು ಹರಿದುಹೋಗುತ್ತವೆ. ಬಿರುಕಿಗೇ ಪೈಪು ಇಟ್ಟು ನೀರು ಬಿಟ್ಟರೆ ಅದು ಬೇರಿಗೆ ಸಿಗದೆ ಪಾತಾಳಕ್ಕೆ ಹೋಗುತ್ತದೆ. ಮೊದಲು ಪುಡಿ ಮಣ್ಣು, ಕಾಂಪೋಸ್ಟ್ ಬೆರೆಸಿ ಬಿರುಕು ತುಂಬಿ, ಆಮೇಲೆ ನಿಧಾನವಾಗಿ ನೀರು ಕೊಡಿ. ಬಿರುಕು ಬಿಡುವ ಮುಂಚೆಯೇ ನೆನೆಸುತ್ತ ಬಂದರೆ ಇನ್ನೂ ಒಳ್ಳೆಯದು.

ಕುಡಿಯುವ ನೀರನ್ನು ಮರಕ್ಕೆ ಹಾಕಲು ಮನಸ್ಸು ಬರುವುದಿಲ್ಲ, ಬರಲೂ ಬಾರದು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಗಾರ್ಡನ್‌ಗೆ ಕುಡಿಯುವ ನೀರು ಬಳಸಿದರೆ 5000 ರೂಪಾಯಿ ದಂಡ ಎಂದೇ ಹೇಳಿತ್ತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು, ಎಸಿಯಿಂದ ತೊಟ್ಟಿಕ್ಕುವ ನೀರು, ಸ್ನಾನದ ನೀರು ದೊಡ್ಡ ಮರಕ್ಕೆ ನಡೆಯುತ್ತದೆ. ಬಟ್ಟೆ ಒಗೆದ ಮೊದಲ ನೀರು ಬೇಡ, ಸೋಪಿನ ಪುಡಿಯಲ್ಲಿರುವ ಸೋಡಾ ಮಣ್ಣನ್ನು ಬಿಗಿ ಮಾಡುತ್ತದೆ, ಎರೆ ಮಣ್ಣಿನಲ್ಲಂತೂ ಜಾಸ್ತಿ. ಜಾಲಿಸಿದ ನೀರು ಪರವಾಗಿಲ್ಲ. ಬ್ಲೀಚಿಂಗ್, ಫಿನಾಯಿಲ್ ಬಿದ್ದ ನೀರು ಬೇಡವೇ ಬೇಡ. ನೀರು ಶುದ್ಧ ಮಾಡುವ ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಉಪ್ಪಿನಂಶ ಜಾಸ್ತಿ ಇರುತ್ತದೆ. ಬೋರ್‌ವೆಲ್ ನೀರೇ ಸವಳಾಗಿರುವ ಊರುಗಳಲ್ಲಿ ಅದನ್ನೇ ದಿನಾ ಹಾಕಿದರೆ ಎಲೆ ಅಂಚು ಸುಟ್ಟಂತಾಗುತ್ತದೆ, ನೆಲದ ಮೇಲೆ ಬಿಳಿ ಪದರ ಕಾಣುತ್ತದೆ. ಬೇರೆ ನೀರಿನ ಜೊತೆ ಸರದಿ ಮಾಡಿ.

ಬಯಲಲ್ಲಿ ಬೇರು ಬಿಟ್ಟುಕೊಂಡು ನಿಂತ ಬೇವು, ಹುಣಸೆಗೆ ಈ ಉಪಚಾರ ಬೇಕಾಗುವುದು ಕಡಿಮೆ. ಸುತ್ತ ಕಾಂಕ್ರೀಟ್ ಬಿದ್ದ ಮರ, ಹತ್ತಿರದಲ್ಲಿ ಅಗೆತ ಕಂಡ ಮರ, ಮಳೆ ಕೈಕೊಟ್ಟ ವರ್ಷದ ಮಾವು, ಸಂಪಿಗೆಗೆ ಬೇಕೇ ಬೇಕು. ಬೇಸಿಗೆ ಮಳೆ ಒಂದೆರಡು ಸಲ ಚೆನ್ನಾಗಿ ಬಿದ್ದ ಮೇಲೆ ನೀರು ನಿಲ್ಲಿಸಿ. ಕೆಸರಾದ ಮಣ್ಣು ಬೇರನ್ನು ಬಿಗಿಯಾಗಿ ಹಿಡಿಯುವುದಿಲ್ಲ.

5. ಉದುರಿದ ಎಲೆ ಅಲ್ಲೇ ಇರಲಿ

ಎಲೆ ಗುಡಿಸಿ ಬೆಂಕಿ ಹಚ್ಚುವುದನ್ನು ನಿಲ್ಲಿಸಿ. ಅದೇ ಎಲೆಯನ್ನು ಪಾತಿಯ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಹರಡಿ. ನೀರು ಆರುವುದು ಕಡಿಮೆಯಾಗುತ್ತದೆ, ಬಿರುಕೂ ಕಡಿಮೆ. ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಡಿ. ಕಾಂಡಕ್ಕೆ ಒತ್ತಿ ರಾಶಿ ಹಾಕಿದರೆ ಗೆದ್ದಲಿಗೆ ದಾರಿ ಮಾಡಿಕೊಟ್ಟಂತೆ. ಗೊಬ್ಬರ ಕೊಡಲೇಬೇಕು ಅನ್ನಿಸಿದರೆ ಎಲೆಯ ಕೆಳಗೆ ತೆಳ್ಳಗೆ ಕಾಂಪೋಸ್ಟ್ ಸಾಕು. ದೊಡ್ಡ ಮರಕ್ಕೆ ಬೇಸಿಗೆಯಲ್ಲಿ ಯೂರಿಯಾ ಹಾಕಿದರೆ ಎಳೇ ಚಿಗುರು ದಂಡಿಯಾಗಿ ಬಂದು ತಲೆಭಾರ ಜಾಸ್ತಿಯಾಗುತ್ತದೆ, ಅಷ್ಟೇ.

6. ಕೊಂಬೆ ಸವರುವುದು

ಮೊದಲು ಅನುಮತಿಯ ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ನಿಮ್ಮ ಸ್ವಂತ ಜಾಗದ ಮರಕ್ಕೂ ಅನ್ವಯಿಸುತ್ತದೆ. ಮರ ಕಡಿಯಬೇಕಾದರೆ ವೃಕ್ಷಾಧಿಕಾರಿಯ, ಅಂದರೆ ಈ ಕಾಯ್ದೆಯಡಿ ಅನುಮತಿ ಕೊಡುವ ಅಧಿಕಾರಿಯ, ಒಪ್ಪಿಗೆ ಬೇಕು. ತೆಂಗು, ಸಿಲ್ವರ್ ಓಕ್, ನೀಲಗಿರಿ, ಸುಬಾಬುಲ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ದಪ್ಪ ಕೊಂಬೆ ತೆಗೆಸುವುದಿದ್ದರೂ ಮೊದಲೇ ಅರ್ಜಿ ಕೊಟ್ಟು ಕೇಳಿ. ಕಾಯ್ದೆ ಬುಡ ಕಡಿಯುವುದನ್ನಷ್ಟೇ ನೋಡುವುದಿಲ್ಲ. ವಿದ್ಯುತ್ ತಂತಿಗೆ ತಾಗುವ ಕೊಂಬೆಗೆ ಕೈ ಹಚ್ಚಲೇಬೇಡಿ. 1912ಕ್ಕೆ ಫೋನ್ ಮಾಡಿ, ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಯಾವುದಾದರೂ ಅದೇ ನಂಬರ್. ಲೈನ್ ಆಫ್ ಮಾಡಿ ಅವರೇ ತೆಗೆಯಬೇಕು.

ಯಾವಾಗ? ನವೆಂಬರ್‌ನಿಂದ ಸಂಕ್ರಾಂತಿಯ ಆಸುಪಾಸಿನವರೆಗೆ, ಯುಗಾದಿ ಚಿಗುರು ಬರುವ ಮುಂಚೆ. ಮಾವು ಆಗ ಹೂ ಬಿಡುತ್ತಿರುತ್ತದೆ, ಅದಕ್ಕೆ ಹಣ್ಣು ಕೊಯ್ದ ಮೇಲೆ. ಒಣ ಕೊಂಬೆಯನ್ನು ಯಾವಾಗ ಬೇಕಾದರೂ ತೆಗೆಯಬಹುದು. ಏಪ್ರಿಲ್‌ನಲ್ಲಿ ಹಸಿ ಕೊಂಬೆ ಬೋಳು ಮಾಡಿದರೆ ಅದುವರೆಗೆ ನೆರಳಲ್ಲಿದ್ದ ತೊಗಟೆ ಬಿಸಿಲಿಗೆ ಸುಟ್ಟು ಬಿರಿಯುತ್ತದೆ. ಹತ್ತುವ ಮುಂಚೆ ಹೆಜ್ಜೇನು ಕಟ್ಟಿದೆಯಾ, ಹಕ್ಕಿ ಗೂಡಿದೆಯಾ ನೋಡಿ. ಹೆಜ್ಜೇನು ಇದ್ದರೆ ಅವು ಹೋಗುವವರೆಗೆ ಕೆಲಸ ಮುಂದಕ್ಕೆ ಹಾಕಿ.

ಏನು ತೆಗೆಯಬೇಕು? ಒಣಗಿದ್ದು, ಮುರಿದು ನೇತಾಡುತ್ತಿರುವುದು, ಒಂದಕ್ಕೊಂದು ಉಜ್ಜುವುದು, ಮನೆ ಮೇಲೆ ಉದ್ದಕ್ಕೆ ಚಾಚಿ ತುದಿಯಲ್ಲಿ ಭಾರವಾಗಿರುವುದು. ಉದ್ದ ಕೊಂಬೆಯನ್ನು ಪೂರ್ತಿ ತೆಗೆಯುವ ಬದಲು ಒಳಗಿನ ಒಂದು ಕವಲಿನವರೆಗೆ ಗಿಡ್ಡ ಮಾಡಿದರೆ ಗಾಯ ಸಣ್ಣದು. ಉಳಿಸುವ ಕವಲು ತೆಗೆಯುವ ಕೊಂಬೆಯ ಮೂರನೇ ಒಂದರಷ್ಟಾದರೂ ದಪ್ಪ ಇರಲಿ. ಇಡೀ ಮರದ ಹಸಿರಲ್ಲಿ ಒಂದು ವರ್ಷಕ್ಕೆ ಐದನೇ ಒಂದು ಪಾಲಿಗಿಂತ ಜಾಸ್ತಿ ತೆಗೆಯಬಾರದು, ಹಳೇ ಮರಕ್ಕೆ ಅದೂ ಜಾಸ್ತಿಯೇ.

ಏನು ಮಾಡಬಾರದು ಎಂಬುದೇ ಇಲ್ಲಿ ದೊಡ್ಡ ಪಾಠ. ತಲೆ ಕಡಿಸುವುದು ಎಂದರೆ ಮೇಲಿನ ಎಲ್ಲ ಕೊಂಬೆಗಳನ್ನು ಒಂದೇ ಎತ್ತರಕ್ಕೆ ಕತ್ತರಿಸಿ ಮೊಂಡು ಮಾಡುವುದು. ಆ ವರ್ಷ ಮರ ಬೀಳಲಿಕ್ಕಿಲ್ಲ, ಗಾಳಿ ಹಿಡಿಯಲು ಎಲೆಯೇ ಇಲ್ಲವಲ್ಲ. ಮುಂದಿನ ಮಳೆಗಾಲಕ್ಕೆ ಪ್ರತಿ ಮೊಂಡಿನ ಸುತ್ತ ಹತ್ತಾರು ಚಿಗುರು ಏಳುತ್ತವೆ. ಅವು ಮೊಂಡಿನ ಒಳಮರದಿಂದ ಹುಟ್ಟಿದವಲ್ಲ, ಗೋಡೆಗೆ ಗೋಂದಿನಲ್ಲಿ ಅಂಟಿಸಿದ ಕೊಕ್ಕೆಯಂತೆ ಮೇಲ್ಪದರಕ್ಕಷ್ಟೇ ಅಂಟಿಕೊಂಡಿರುತ್ತವೆ. ಕೆಳಗೆ ಮೊಂಡು ಕೊಳೆಯುತ್ತ ಬರುತ್ತದೆ, ಮೇಲೆ ಚಿಗುರು ದಪ್ಪವಾಗುತ್ತ ಹೋಗುತ್ತದೆ. ನಾಲ್ಕೈದು ವರ್ಷಕ್ಕೆ ನಿಮ್ಮ ಮರ ಮೊದಲಿಗಿಂತ ಅಪಾಯದ್ದು. ಒಳಗಿನ ಸಣ್ಣ ಕೊಂಬೆಗಳನ್ನೆಲ್ಲ ಬೋಳಿಸಿ ತುದಿಯಲ್ಲಿ ಮಾತ್ರ ಎಲೆ ಬಿಡುವುದೂ ತಪ್ಪೇ. ಭಾರವೆಲ್ಲ ತುದಿಗೆ ಹೋಗಿ ಕೊಂಬೆ ಬೇಗ ಮುರಿಯುತ್ತದೆ.

ಇನ್ನು ಕತ್ತರಿಸುವ ರೀತಿ. ಕೊಂಬೆ ಕಾಂಡಕ್ಕೆ ಸೇರುವ ಜಾಗ ಹತ್ತಿರದಿಂದ ನೋಡಿ. ಸುತ್ತ ಸುಕ್ಕುಗಟ್ಟಿದ, ಸ್ವಲ್ಪ ಉಬ್ಬಿದ ಉಂಗುರ ಕಾಣುತ್ತದೆ. ಅದನ್ನು ಕೊಂಬೆಯ ಕೊರಳು ಎನ್ನೋಣ. ಗಾಯವನ್ನು ಮುಚ್ಚುವ ಶಕ್ತಿ ಇರುವುದು ಆ ಕೊರಳಿನಲ್ಲಿ. ಕೊರಳು ಸೇರಿಸಿ ಕಾಂಡಕ್ಕೆ ಸಮವಾಗಿ ಕತ್ತರಿಸಿದರೆ ಗಾಯ ಮುಚ್ಚದು, ಅದರಿಂದ ಒಂದಡಿ ಆಚೆ ಮೊಂಡು ಬಿಟ್ಟರೂ ಮುಚ್ಚದು. ದಪ್ಪ ಕೊಂಬೆಗೆ ಮೂರು ಕೊಯ್ತ:

ಮೊದಲು, ಕೊರಳಿನಿಂದ ಒಂದಡಿ ಆಚೆ ಕೆಳಗಿನಿಂದ ಮೇಲಕ್ಕೆ, ಮೂರನೇ ಒಂದರಷ್ಟು ಆಳ.

ಎರಡನೆಯದು, ಅದಕ್ಕಿಂತ ಎರಡಿಂಚು ಇನ್ನೂ ಆಚೆ, ಮೇಲಿನಿಂದ ಕೆಳಕ್ಕೆ. ಕೊಂಬೆ ಮುರಿದು ಬೀಳುತ್ತದೆ. ಕೆಳಗಿನ ಕೊಯ್ತ ಇರುವುದರಿಂದ ತೊಗಟೆ ಕಾಂಡದವರೆಗೆ ಸಿಪ್ಪೆ ಸುಲಿಯುವುದಿಲ್ಲ.

ಮೂರನೆಯದು, ಉಳಿದ ಮೊಂಡನ್ನು ಕೊರಳಿನ ಹೊರ ಅಂಚಿನಲ್ಲಿ.

ಗಾಯಕ್ಕೆ ಡಾಂಬರು, ಪೇಂಟ್ ಬಳಿಯಬೇಡಿ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ, ಮರ ಗಾಯವನ್ನು ಒಳಗಿನಿಂದ ಗೋಡೆ ಕಟ್ಟಿ ಬೇರ್ಪಡಿಸುತ್ತದೆ ಎಂದು ತೋರಿಸಿ ದಶಕಗಳೇ ಆದವು. ಮೇಲಿನ ಲೇಪ ಕೊಳೆತವನ್ನು ತಡೆಯುವುದಿಲ್ಲ, ತೇವವನ್ನು ಒಳಗೆ ಹಿಡಿದಿಡುತ್ತದೆ. ಮಾವಿಗೆ ಮಾತ್ರ ತೋಟಗಾರಿಕೆಯವರು ಬೋರ್ಡೊ ಪೇಸ್ಟ್, ಅಂದರೆ ಮೈಲುತುತ್ತ ಮತ್ತು ಸುಣ್ಣದ ಲೇಪ, ಹಚ್ಚಲು ಹೇಳುತ್ತಾರೆ. ಅದು ಶಿಲೀಂಧ್ರ ರೋಗಕ್ಕೆ, ಹಚ್ಚಬಹುದು.

ನೆಲದಲ್ಲಿ ನಿಂತು ಕೈಗೆ ಸಿಗದ ಯಾವ ಕೊಂಬೆಯನ್ನೂ ನೀವೇ ಕತ್ತರಿಸಲು ಹೋಗಬೇಡಿ, ಕೆಲಸದವರನ್ನು ಕರೆಸಿ. ಅವರ ಹತ್ತಿರ ಹಗ್ಗ, ಸೊಂಟದ ಪಟ್ಟಿ, ಹೆಲ್ಮೆಟ್ ಇದೆಯಾ ನೋಡಿ. ಎಲ್ಲಕ್ಕಿಂತ ಮುಖ್ಯ, ಲೆಕ್ಕ ಹೇಗೆ ಎಂದು ಮೊದಲೇ ಮಾತಾಡಿ. "ಕೂಲಿ ಬೇಡ ಸಾರ್, ಸೌದೆ ನಮಗೆ ಬಿಡಿ" ಎನ್ನುವವರಿಗೆ ಒಪ್ಪಬೇಡಿ. ಸೌದೆಯೇ ಕೂಲಿಯಾದರೆ ಅವರ ಕಣ್ಣು ಒಣ ಕಡ್ಡಿಯ ಮೇಲೆ ಬೀಳುವುದಿಲ್ಲ, ದಪ್ಪ ಹಸಿ ಕೊಂಬೆಯ ಮೇಲೆ ಬೀಳುತ್ತದೆ. ದಿನಗೂಲಿ ಕೊಡಿ, ತೆಗೆಯುವ ಕೊಂಬೆಗಳಿಗೆ ಸುಣ್ಣದ ಗುರುತು ಹಾಕಿಸಿ, ಮುಗಿಯುವವರೆಗೆ ಅಲ್ಲೇ ಇರಿ.

ಬೇವಿನ ತುದಿ ಒಣಗುವುದರ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಈಚಿನ ವರ್ಷಗಳಲ್ಲಿ ಮಳೆಗಾಲದ ಕೊನೆಗೆ ಬೇವಿನ ಚಿಗುರೆಲ್ಲ ಕಂದಾಗಿ ಸುಟ್ಟಂತೆ ಕಂಡು ಜನ ಹೆದರಿದ್ದಾರೆ. ಟೀ ಸೊಳ್ಳೆ ಎಂಬ ರಸ ಹೀರುವ ಕೀಟ ಮತ್ತು ಒಂದು ಶಿಲೀಂಧ್ರ, ಎರಡೂ ಇದಕ್ಕೆ ಕಾರಣ. ಬಹಳಷ್ಟು ಮರಗಳು ಯುಗಾದಿಗೆ ಮತ್ತೆ ಚಿಗುರುತ್ತವೆ. ಮರ ಸತ್ತಿತೆಂದು ಕಡಿಸಬೇಡಿ. ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿ. ತೊಗಟೆಯ ಕೆಳಗೆ ಹಸಿರಿದ್ದರೆ ಜೀವ ಇದೆ. ಒಣಗಿದ ತುದಿ ತೆಗೆದು ಸುಟ್ಟುಬಿಡಿ, ನೀರು ಕೊಡಿ, ಕಾಯಿರಿ.

ತೆಂಗಿನ ವಿಷಯ ಸುಲಭ. ಒಣ ಗರಿ, ಬಲಿತ ಕಾಯಿ ಮಾರ್ಚ್‌ನೊಳಗೆ ಇಳಿಸಿ. ಹಸಿರು ಗರಿ ಮುಟ್ಟಬೇಡಿ.

7. ಗಾಳಿಮಳೆಯ ಹೊತ್ತಿನಲ್ಲಿ

ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ, ಅಂದರೆ ಅಶ್ವಿನಿಯಿಂದ ರೋಹಿಣಿಯವರೆಗೆ, ಮಧ್ಯಾಹ್ನದ ಮೇಲೆ ಕಾರನ್ನು ಮರದ ಕೆಳಗೆ ನಿಲ್ಲಿಸಬೇಡಿ. ಮರಕ್ಕೆ ಕಟ್ಟಿದ ಉಯ್ಯಾಲೆ, ಶೀಟು, ಬ್ಯಾನರ್ ಬಿಚ್ಚಿ. ಅವು ಗಾಳಿ ಹಿಡಿದು ಕೊಂಬೆ ಎಳೆಯುತ್ತವೆ. ಸಿಡಿಲಿನ ಮುನ್ಸೂಚನೆಗೆ ಪುಣೆಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಇದೆ. ಗುಡುಗು ಕೇಳಿದರೆ ಮರದ ಕೆಳಗಿನಿಂದ ಎದ್ದು ಒಳಗೆ ಹೋಗಿ, ದನ ಕರು ಕಟ್ಟಿದ್ದರೆ ಬಿಚ್ಚಿ ಬೇರೆ ಕಡೆ ಕಟ್ಟಿ.

8. ಬಿದ್ದ ಮೇಲೆ

ಮಳೆ ನಿಂತ ಕೂಡಲೇ ಹತ್ತಿರ ಹೋಗಬೇಡಿ. ಬಿದ್ದ ಕೊಂಬೆಯ ಅಡಿ ತಂತಿ ಇರಬಹುದು. ಕರೆಂಟ್ ಹೋಗಿದೆ ಎಂದು ನಂಬಬೇಡಿ, ಯಾವಾಗ ಬೇಕಾದರೂ ಬರಬಹುದು. 1912ಕ್ಕೆ ತಿಳಿಸಿ, ಮಕ್ಕಳನ್ನು ದೂರ ಇಡಿ. ಮೇಲೆ ಮುರಿದು ಸಿಕ್ಕಿಕೊಂಡ ಕೊಂಬೆ ಎರಡು ದಿನ ಬಿಟ್ಟು ಬಿದ್ದ ಉದಾಹರಣೆಗಳಿವೆ, ಅದನ್ನು ಇಳಿಸುವವರೆಗೆ ಆ ಜಾಗಕ್ಕೆ ಹಗ್ಗ ಕಟ್ಟಿ. ಬಾಗಿ ಬಿಗಿದು ನಿಂತ ಕೊಂಬೆಗೆ ಗರಗಸ ಹಚ್ಚಬೇಡಿ. ಕತ್ತರಿಸಿದ ಕ್ಷಣ ಸಿಡಿದು ಮುಖಕ್ಕೆ ಬಡಿಯುತ್ತದೆ.

ಒಂದು ಕೊಂಬೆ ಮುರಿದಿದ್ದರೆ ಸೀಳಿದ ಭಾಗವನ್ನು ಕೊರಳಿನವರೆಗೆ ನೀಟಾಗಿ ಕತ್ತರಿಸಿ, ಮರ ಉಳಿಯುತ್ತದೆ. ಕಾಂಡವೇ ಉದ್ದಕ್ಕೆ ಸೀಳಿದ್ದರೆ, ಬೇರು ಅರ್ಧ ಎದ್ದಿದ್ದರೆ, ಉಳಿಸ ಹೋಗಬೇಡಿ. ಹಗ್ಗ ಹಾಕಿ ಎಳೆದು ನಿಲ್ಲಿಸುವುದು ಎಳೇ ಗಿಡಕ್ಕೆ ಸರಿ. ದೊಡ್ಡ ಮರದಲ್ಲಿ ಹರಿದ ಬೇರು ಮತ್ತೆ ಹಿಡಿಯುವುದಿಲ್ಲ, ಮುಂದಿನ ಗಾಳಿಗೆ ಅದು ಖಂಡಿತ ಬೀಳುತ್ತದೆ.

ಏನನ್ನೂ ಸರಿಸುವ ಮುಂಚೆ ಫೋಟೊ ತೆಗೆಯಿರಿ. ಕಾರಿಗೆ ಪೂರ್ಣ ವಿಮೆ ಇದ್ದರೆ ಮರ ಬಿದ್ದ ನಷ್ಟ ಸಿಗುತ್ತದೆ, ಬರೀ ಥರ್ಡ್ ಪಾರ್ಟಿ ಇದ್ದರೆ ಸಿಗುವುದಿಲ್ಲ. ಮನೆಗೆ ಭಾರತ್ ಗೃಹ ರಕ್ಷಾ ಪಾಲಿಸಿ ಇದ್ದರೆ ಬಿರುಗಾಳಿ, ಸಿಡಿಲು, ಮರ ಬೀಳುವುದು ಮೂರೂ ಅದರಲ್ಲಿ ಸೇರಿವೆ. ವಿಮೆ ಕಂಪನಿಗೆ ತಡ ಮಾಡದೆ ತಿಳಿಸಿ. ಎರಡನೇ ಹಂತದಲ್ಲಿ ತೆಗೆದಿಟ್ಟ ಹಳೇ ಫೋಟೊಗಳನ್ನೂ ಜೊತೆಗಿಡಿ. ಮರ ಚೆನ್ನಾಗಿಯೇ ಇತ್ತು ಎಂದು ತೋರಿಸಲು ಅವು ಬೇಕಾಗುತ್ತವೆ.